ವಂಶದಲ್ಲಿ ಬಂದ ಮರೆವು ಮತ್ತು ನಮ್ಮ ಹೃದಯ

‘ಅರವತ್ತಕ್ಕೆ ಅರಳು ಮರುಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದು ಸಹಜವೆಂದೂ ಅದು ಹಣೆಯಲ್ಲಿ ಬರೆದದ್ದೆಂದೂ ನಮ್ಮ ಹಿರಿಯರು ತಿಳಿದಿದ್ದರು. ಆಯುರ್ಮಾನ ಕಡಿಮೆಯಿದ್ದ ಆ ಕಾಲದಲ್ಲಿ ಅರವತ್ತನ್ನು ದಾಟುವವರೇ ವಿರಳ. ಇಂದು ಎಪ್ಪತ್ತು, ಎಂಬತ್ತರ ವಯಸ್ಸಿನವರು ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. ಆದುದರಿಂದ ಆ ಗಾದೆಯ ಮಾತನ್ನು ಮತ್ತೊಮ್ಮೆ ಪರಿಶೀಲಿಸಬೇಕಾದ ಅಗತ್ಯ ಬಂದಿದೆ.

ಕಳೆದ ವರ್ಷ ಸಂಘದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ಸುಮಾರು ಐವತ್ತು ವರ್ಷದ ಮಹಿಳೆಯೊಬ್ಬರು ನನ್ನ ಮೇಜಿನ ಎದುರು ಬಂದು ಕುಳಿತರು. ಕರಾವಳಿಯ ಕಡೆಯವರು, ಮುಂಬಯಿಯ ಬ್ಯಾಂಕೊಂದರಲ್ಲಿ ಉದ್ಯೋಗ. ಊರಿನಲ್ಲಿದ್ದ ಅವರ ತಾಯಿ ಕೊನೆಯ ಆರು ವರ್ಷ ಮರೆವಿನ ರೋಗದಿಂದ ನರಳಿ ತೀರಿಕೊಂಡಿದ್ದರು. ಸೋದರಮಾವನಿಗೂ ಅದೇ ಕಾಯಿಲೆ. “ಡಾಕ್ಟ್ರೇ, ಕೊನೆಕೊನೆಗೆ ಅಮ್ಮ ನನ್ನನ್ನೇ ತನ್ನ ಅಕ್ಕ ಎಂದು ಕರೆಯುತ್ತಿದ್ದರು. ನನಗೂ ಹಾಗೆಯೇ ಆಗುತ್ತದೆಯೆ? ರಕ್ತ ಪರೀಕ್ಷೆ ಮಾಡಿ ಜೀನ್ ನೋಡಿ ಹೇಳುತ್ತಾರಂತೆ, ಮಾಡಿಸಲೆ?” ಎಂದು ಕೇಳಿದರು.

ಅವರ ಕೈಯಲ್ಲಿದ್ದ ಚೀಟಿಯನ್ನು ನೋಡಿದೆ. ಸ್ವಲ್ಪ ಹೊತ್ತಿನ ಹಿಂದೆ ನರ್ಸ್ ಅಳೆದು ಬರೆದಿದ್ದ ರಕ್ತದೊತ್ತಡ 158/96. ಅದರ ಬಗ್ಗೆ ವಿಚಾರಿಸಿದಾಗ, “ಅದು ಅವಸರದಲ್ಲಿ ಬಂದದ್ದಕ್ಕೆ ಇರಬೇಕು. ನನಗೆ ತಲೆನೋವು ಕೂಡ ಇಲ್ಲ” ಎಂದರು. ಎರಡನೆಯ ಹೆರಿಗೆಯ ಅನಂತರ ಅವರು ರಕ್ತದೊತ್ತಡವನ್ನು ಅಳೆಸಿಯೇ ಇರಲಿಲ್ಲ. ಮಗನಿಗೆ ಆಗ ಇಪ್ಪತ್ತಮೂರು ವರ್ಷ.

ಬದಲಿಸಲಾಗದ ಸಂಗತಿಯ ಚಿಂತೆಯಲ್ಲಿ ಅವರು ನಿದ್ರೆ ಕಳೆದುಕೊಂಡಿದ್ದರು. ಬದಲಿಸಬಹುದಾದ ಸಂಗತಿ ಅವರ ಗಮನಕ್ಕೇ ಬಂದಿರಲಿಲ್ಲ. ನಮ್ಮಲ್ಲಿ ಹಲವರ ಸ್ಥಿತಿಯೂ ಹೀಗೆಯೇ ಇರುವುದರಿಂದ, ಅಂದು ಅವರಿಗೆ ಹೇಳಿದ್ದನ್ನೇ ತುಸು ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಮರೆವು ಬೇರೆ, ರೋಗ ಬೇರೆ

ಕನ್ನಡಕವನ್ನು ಎಲ್ಲಿಟ್ಟೆವೆಂದು ಹುಡುಕುವುದು, ಪರಿಚಿತರ ಹೆಸರು ತಟ್ಟನೆ ನೆನಪಾಗದಿರುವುದು ವಯಸ್ಸಿನ ಸಹಜ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಏತಕ್ಕೆ ಎಂದು ಕೇಳುವುದು, ಮೂವತ್ತು ವರ್ಷ ನಡೆದ ಬೀದಿಯಲ್ಲಿ ಮನೆಯ ದಾರಿ ತಪ್ಪುವುದು, ದಿನವೂ ಮಾಡುತ್ತಿದ್ದ ಸಾರಿನ ಕ್ರಮ ತಿಳಿಯದೆ ಒಲೆಯ ಮುಂದೆ ನಿಲ್ಲುವುದು ರೋಗದ ಲಕ್ಷಣ. ನೆನಪು, ಮಾತು, ವಿವೇಚನೆ ಇವು ಕ್ರಮೇಣ ಕುಂದಿ ನಿತ್ಯದ ವ್ಯವಹಾರಕ್ಕೆ ಅಡ್ಡಿಯಾದಾಗ ಆ ಸ್ಥಿತಿಯನ್ನು ಡಿಮೆನ್ಷಿಯಾ ಎನ್ನುತ್ತಾರೆ.

ಇದಕ್ಕೆ ಕಾರಣವಾಗುವ ರೋಗಗಳಲ್ಲಿ ಪ್ರಮುಖವಾದುದು ಆಲ್ಜೈಮರ್ ಕಾಯಿಲೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಆಕೆಗೆ ತನ್ನ ಹೆಸರನ್ನು ಬರೆಯಲೂ ಕಷ್ಟವಾಗುತ್ತಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾ. ಅಲೋಯಿಸ್ ಆಲ್ಜೈಮರ್ ಅವರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ನರಕೋಶಗಳ ನಡುವೆ ಗರಣೆಗಟ್ಟಿದ ವಸ್ತುವನ್ನೂ ಕೋಶಗಳೊಳಗೆ ಗಂಟುಬಿದ್ದ ಎಳೆಗಳನ್ನೂ ಕಂಡರು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ ನಗರದ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದರು. ರೋಗಕ್ಕೆ ಅವರ ಹೆಸರು ಬಂದದ್ದು 1910ರಲ್ಲಿ.

ಎರಡನೆಯ ಪ್ರಮುಖ ಕಾರಣ ಮೆದುಳಿನ ರಕ್ತನಾಳಗಳ ಕಾಯಿಲೆ. ನಾಳಗಳು ಕಟ್ಟಿಕೊಂಡಲ್ಲಿ ಮೆದುಳಿನ ಸಣ್ಣ ಸಣ್ಣ ಭಾಗಗಳು ರಕ್ತವಿಲ್ಲದೆ ಸಾಯುತ್ತವೆ. ವೃದ್ಧರ ಮೆದುಳಿನಲ್ಲಿ ಈ ಎರಡೂ ಕಾಯಿಲೆಗಳು ಒಟ್ಟಿಗೆ ಇರುವುದೇ ಹೆಚ್ಚು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದನ್ನು ಅವಲಂಬಿಸಿದೆ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಹಾಗೆಂದರೆ ನೂರು ವೃದ್ಧರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ರೋಗವಿಲ್ಲ. ಅರವತ್ತಾದ ಮಾತ್ರಕ್ಕೆ ಅರಳು ಮರುಳಾಗಬೇಕಿಲ್ಲ.

ವಂಶವಾಹಿಗಳ ಪಾತ್ರ

ನಮ್ಮ ದೇಹದ ಪ್ರತಿಯೊಂದು ಕೋಶದಲ್ಲಿಯೂ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಇವುಗಳ ಮೇಲೆ ವಂಶವಾಹಿಗಳು, ಅಂದರೆ ಈಗ ಎಲ್ಲರ ಬಾಯಲ್ಲಿರುವ ಜೀನ್‌ಗಳು, ಸಾಲಾಗಿ ಇರುತ್ತವೆ. ಮರೆವಿನ ರೋಗಕ್ಕೆ ಸಂಬಂಧಿಸಿದ ಜೀನ್‌ಗಳಲ್ಲಿ ಎರಡು ಬಗೆ. ಇವೆರಡನ್ನೂ ಒಂದೇ ಎಂದು ಭ್ರಮಿಸುವುದರಿಂದಲೇ ಅನಾವಶ್ಯಕವಾದ ಭಯ ಹುಟ್ಟುತ್ತದೆ.

ಮೊದಲನೆಯದು, ರೋಗವನ್ನು ನೇರವಾಗಿ ಉಂಟುಮಾಡುವ ಬಗೆ. 21, 14 ಮತ್ತು 1ನೆಯ ವರ್ಣತಂತುಗಳ ಮೇಲಿರುವ ಮೂರು ಜೀನ್‌ಗಳಲ್ಲಿ ಇಂಥ ದೋಷಗಳನ್ನು 1991 ಮತ್ತು 1995ರಲ್ಲಿ ಗುರುತಿಸಲಾಯಿತು. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅದು ಬರುವ ಸಂಭವವಿದೆ. ಬಂದವರಿಗೆ ರೋಗ ನಲವತ್ತು ಐವತ್ತರ ಪ್ರಾಯದಲ್ಲಿಯೇ ತೊಡಗುತ್ತದೆ. ಆದರೆ ಇದು ಅತಿ ವಿರಳ. ಒಟ್ಟು ಆಲ್ಜೈಮರ್ ರೋಗಿಗಳಲ್ಲಿ ನೂರಕ್ಕೆ ಒಬ್ಬರೂ ಈ ಗುಂಪಿಗೆ ಸೇರುವುದಿಲ್ಲ. ಎರಡು ಮೂರು ತಲೆಮಾರುಗಳಲ್ಲಿ ಅರವತ್ತಕ್ಕೆ ಮೊದಲೇ ರೋಗ ಕಾಣಿಸಿಕೊಂಡ ಕುಟುಂಬದವರು ಮಾತ್ರ ನರರೋಗ ತಜ್ಞರನ್ನು ಕಂಡು ಇದನ್ನು ವಿಚಾರಿಸಬೇಕು.

ಎರಡನೆಯದು, ರೋಗದ ಸಂಭವವನ್ನು ಹೆಚ್ಚಿಸುವ ಬಗೆ. 19ನೆಯ ವರ್ಣತಂತುವಿನ ಮೇಲಿರುವ ಅಪೊ-ಇ ಎಂಬ ಜೀನ್ ಇವುಗಳಲ್ಲಿ ಮುಖ್ಯವಾದುದು. ಇದಕ್ಕೆ ಇ-2, ಇ-3, ಇ-4 ಎಂದು ಮೂರು ರೂಪಗಳುಂಟು. ಬಹುಮಂದಿಯಲ್ಲಿ ಇರುವುದು ಇ-3. ಇ-4 ರೂಪಕ್ಕೂ ಆಲ್ಜೈಮರ್ ಕಾಯಿಲೆಗೂ ಸಂಬಂಧವಿದೆ ಎಂಬುದನ್ನು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಇ-4 ಬಂದಿದ್ದರೆ ರೋಗದ ಸಂಭವ ಸುಮಾರು ಮೂರು ಪಟ್ಟು, ಇಬ್ಬರಿಂದಲೂ ಬಂದಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಹೆಚ್ಚೆಂದು ಪಾಶ್ಚಾತ್ಯ ದೇಶಗಳ ಲೆಕ್ಕ. ಇ-2 ಇದ್ದವರಿಗೆ ಸಂಭವ ಕಡಿಮೆ.

ಆದರೆ ಹೆಚ್ಚಿನ ಸಂಭವವೆಂದರೆ ನಿಶ್ಚಯವೆಂದಲ್ಲ. ಇ-4 ಇದ್ದೂ ತೊಂಬತ್ತರವರೆಗೆ ಚುರುಕಾಗಿ ಬಾಳಿದವರಿದ್ದಾರೆ. ಇ-4 ಇಲ್ಲದೆಯೂ ರೋಗಕ್ಕೆ ತುತ್ತಾದವರಿದ್ದಾರೆ. ದಿಲ್ಲಿಗೆ ಸಮೀಪದ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿಯೂ ಅಮೆರಿಕದ ಪೆನ್ಸಿಲ್ವೇನಿಯದ ಕಣಿವೆಯೊಂದರಲ್ಲಿಯೂ ವೃದ್ಧರನ್ನು ಹೋಲಿಸಿ ನಡೆಸಿದ ಸಂಶೋಧನೆಯ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಬಲ್ಲಭಗಢದವರಲ್ಲಿ ಇ-4 ರೂಪ ಅಮೆರಿಕದವರಿಗಿಂತ ಕಡಿಮೆ ಇತ್ತು. ಆದರೆ ಅದಕ್ಕೂ ರೋಗಕ್ಕೂ ಇರುವ ನಂಟು ಎರಡೂ ಕಡೆ ಒಂದೇ ಬಗೆಯದಾಗಿತ್ತು. ಎಂದರೆ ಈ ಮಾತು ನಮ್ಮ ಜನರಿಗೂ ಅನ್ವಯಿಸುತ್ತದೆ.

ನೇರವಾಗಿ ರೋಗ ತರುವ ಜೀನ್ ಕೂಡ ಒಮ್ಮೊಮ್ಮೆ ಸೋಲುವುದುಂಟು. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ ಇಂಥ ದೋಷವಿರುವ ದೊಡ್ಡ ವಂಶವೊಂದಿದೆ. ಅವರಲ್ಲಿ ನಲವತ್ತೈದರ ಹೊತ್ತಿಗೆ ಮರೆವು ತೊಡಗುತ್ತದೆ. ಅದೇ ವಂಶದ ಮಹಿಳೆಯೊಬ್ಬರು ಎಪ್ಪತ್ತನ್ನು ದಾಟುವವರೆಗೆ ಹೆಚ್ಚುಕಡಿಮೆ ಸ್ವಸ್ಥರಾಗಿದ್ದುದನ್ನು 2019ರಲ್ಲಿ ವರದಿ ಮಾಡಲಾಯಿತು. ಅವರಲ್ಲಿ ಅಪೊ-ಇ ಜೀನಿನ ವಿರಳ ರೂಪವೊಂದಿತ್ತು. ಅದೇ ಅವರನ್ನು ಕಾಪಾಡಿರಬೇಕೆಂದು ವಿಜ್ಞಾನಿಗಳ ಅಭಿಪ್ರಾಯ.

ಹೃದಯಕ್ಕೂ ಮೆದುಳಿಗೂ ಇರುವ ನಂಟು

ಮೆದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡಿದ ಆಮ್ಲಜನಕದ ಐದನೆಯ ಒಂದು ಭಾಗ ಅದಕ್ಕೆ ಬೇಕು. ಇದನ್ನು ಒದಗಿಸುವುದು ಹೃದಯ. ಮುಂಬಯಿಯ ಕೊಳಾಯಿಗಳನ್ನೇ ನೆನೆಯಿರಿ. ಮುಖ್ಯ ಕೊಳವೆಯಲ್ಲಿ ಒತ್ತಡ ಅತಿಯಾದರೆ ಸಣ್ಣ ಕೊಳವೆಗಳು ಸಡಿಲಗೊಂಡು ಒಡೆಯುತ್ತವೆ. ಒಳಗೆ ಕಿಟ್ಟ ಕಟ್ಟಿದರೆ ಮೇಲಿನ ಮಹಡಿಗೆ ನೀರು ಏರುವುದಿಲ್ಲ. ದೇಹದ ಮೇಲಿನ ಮಹಡಿಯಾದ ಮೆದುಳಿಗೂ ಆಗುವುದು ಇದೇ. ಹಲವು ವರ್ಷಗಳ ರಕ್ತದೊತ್ತಡದಿಂದ ಕೂದಲಿಗಿಂತ ಸಣ್ಣದಾದ ನಾಳಗಳ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಸಕ್ಕರೆ ಕಾಯಿಲೆ ಅವುಗಳ ಒಳಪದರವನ್ನು ಕೆಡಿಸುತ್ತದೆ. ಕೊಬ್ಬು ದೊಡ್ಡ ನಾಳಗಳನ್ನು ಕಿರಿದಾಗಿಸುತ್ತದೆ. ಮೆದುಳಿನ ತ್ಯಾಜ್ಯ ವಸ್ತು ಹೊರಹೋಗುವ ಮಾರ್ಗಗಳಲ್ಲಿ ಈ ನಾಳಗಳ ಗೋಡೆಯೂ ಒಂದಾದ್ದರಿಂದ, ಆಲ್ಜೈಮರ್ ಕಾಯಿಲೆಯ ಗರಣೆ ಶೇಖರವಾಗಲು ಗಡುಸಾದ ನಾಳಗಳೂ ಕಾರಣವೆಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ.

ಇನ್ನೊಂದು ಸ್ವಾರಸ್ಯದ ಸಂಗತಿಯುಂಟು. ಅಪೊ-ಇ ಜೀನಿನ ನಿಜವಾದ ಕೆಲಸವೇ ಕೊಬ್ಬನ್ನು ಸಾಗಿಸುವ ಪ್ರೋಟೀನನ್ನು ತಯಾರಿಸುವುದು. ಇ-4 ಇದ್ದವರ ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲ್ ಸರಾಸರಿ ತುಸು ಹೆಚ್ಚಿರುತ್ತದೆ. ಹೃದ್ರೋಗದ ಸಂಭವವೂ ಅಷ್ಟರಮಟ್ಟಿಗೆ ಹೆಚ್ಚು. ಇದರ ಜೊತೆಗೆ ದಕ್ಷಿಣ ಏಷ್ಯದ ಜನರಾದ ನಮಗೆ ಹೃದಯಾಘಾತವಾಗುವುದು ಇತರ ಜನಾಂಗದವರಿಗಿಂತ ಐದಾರು ವರ್ಷ ಮೊದಲೇ ಎಂದು ಅನೇಕ ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಆದ್ದರಿಂದ ಮರೆವಿನ ರೋಗ ವಂಶದಲ್ಲಿರುವವರು ಹೃದಯವನ್ನು ಕಾಪಾಡಿಕೊಳ್ಳಲು ಇತರರಿಗೆ ಒಂದು ಕಾರಣವಿದ್ದರೆ ಇವರಿಗೆ ಎರಡು ಕಾರಣಗಳಿವೆ.

ಸಂಶೋಧನೆಗಳು ಹೇಳುವುದೇನು?

ಲಂಡನ್ನಿನ ಸರ್ಕಾರಿ ಕಚೇರಿಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನ ಕಚೇರಿ ಕೆಲಸದವರಿಗೆ ವಿಶೇಷವಾಗಿ ಪ್ರಸ್ತುತವಾದುದು. ಐವತ್ತನೆಯ ವಯಸ್ಸಿನಲ್ಲಿ ಮೇಲಿನ ರಕ್ತದೊತ್ತಡ 130 ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ಮುಂದೆ ಡಿಮೆನ್ಷಿಯಾ ಕಾಣಿಸಿಕೊಂಡದ್ದು ಹೆಚ್ಚೆಂದು ಅದು 2018ರಲ್ಲಿ ತಿಳಿಸಿತು. ರೋಗ ಎಪ್ಪತ್ತರಲ್ಲಿ ತಲೆದೋರಿದರೂ ಅದರ ಬೀಜ ಐವತ್ತರಲ್ಲಿ ಬಿದ್ದಿರುತ್ತದೆ.

ಒತ್ತಡವನ್ನು ಇಳಿಸಿದರೆ ಪ್ರಯೋಜನವುಂಟೆ? ಚೀನಾದ ಹಳ್ಳಿಗಳಲ್ಲಿ ರಕ್ತದೊತ್ತಡವಿದ್ದ ಸುಮಾರು 34 ಸಾವಿರ ಜನರನ್ನು ಆರಿಸಿ, ಕೆಲವು ಹಳ್ಳಿಗಳಲ್ಲಿ ತರಬೇತಿ ಪಡೆದ ಗ್ರಾಮವೈದ್ಯರಿಂದ ಬಿಗಿಯಾದ ಚಿಕಿತ್ಸೆಯನ್ನೂ ಉಳಿದವುಗಳಲ್ಲಿ ಎಂದಿನ ಚಿಕಿತ್ಸೆಯನ್ನೂ ಕೊಡಿಸಿದರು. ನಾಲ್ಕು ವರ್ಷಗಳ ಬಳಿಕ, ಬಿಗಿಯಾದ ಚಿಕಿತ್ಸೆ ಪಡೆದವರಲ್ಲಿ ಡಿಮೆನ್ಷಿಯಾದ ಸಂಭವ ಶೇಕಡ 15ರಷ್ಟು ಕಡಿಮೆ ಇತ್ತು. ಇದು 2025ರಲ್ಲಿ ಪ್ರಕಟವಾಯಿತು. ಅಗ್ಗದ ಮಾತ್ರೆ, ಕ್ರಮವಾದ ತಪಾಸಣೆ ಇವಿಷ್ಟರಿಂದಲೇ ಈ ಫಲ ದೊರೆತುದು ಗಮನಾರ್ಹ.

ಫಿನ್ಲೆಂಡಿನಲ್ಲಿ ಡಾ. ಮಿಯಾ ಕಿವಿಪೆಲ್ಟೊ ಅವರ ನೇತೃತ್ವದಲ್ಲಿ 60ರಿಂದ 77 ವಯಸ್ಸಿನ 1,260 ಮಂದಿಯ ಮೇಲೆ ಎರಡು ವರ್ಷ ಪ್ರಯೋಗವೊಂದು ನಡೆಯಿತು. ಅರ್ಧ ಮಂದಿಗೆ ಸಾಮಾನ್ಯ ಸಲಹೆ. ಉಳಿದವರಿಗೆ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮೊದಲಾದವುಗಳ ಮೇಲೆ ನಿಗಾ, ಇವು ನಾಲ್ಕೂ ಒಟ್ಟಿಗೆ. ಎರಡನೆಯ ಗುಂಪಿನವರ ಬುದ್ಧಿಪರೀಕ್ಷೆಯ ಸುಧಾರಣೆ ಮೊದಲನೆಯವರಿಗಿಂತ ಶೇಕಡ 25ರಷ್ಟು ಹೆಚ್ಚೆಂದು 2015ರಲ್ಲಿ ವರದಿಯಾಯಿತು. ಇ-4 ಇದ್ದವರಿಗೂ ಈ ಲಾಭ ದೊರೆಯಿತೆಂದು 2018ರ ವಿಶ್ಲೇಷಣೆ ತಿಳಿಸಿತು. ಅಮೆರಿಕದಲ್ಲಿ 2,111 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಇಂಥದೇ ಪ್ರಯೋಗದಲ್ಲಿಯೂ ಇ-4 ಇದ್ದವರಿಗೆ, ಇಲ್ಲದವರಿಗೆ ಎಂಬ ಭೇದ ಕಾಣಲಿಲ್ಲ.

ಬ್ರಿಟನ್ನಿನಲ್ಲಿ ಸುಮಾರು 1,96,000 ಹಿರಿಯರನ್ನು ಎಂಟು ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಹೊರಬಂದಿತು. ಅದರ ಪ್ರಕಾರ, ಆನುವಂಶಿಕ ಸಂಭವ ಹೆಚ್ಚಿದ್ದವರ ಪೈಕಿ ಒಳ್ಳೆಯ ಜೀವನಕ್ರಮ ಉಳ್ಳವರಿಗೆ, ಕೆಟ್ಟ ಜೀವನಕ್ರಮದವರಿಗಿಂತ ರೋಗ ಬಂದದ್ದು ಶೇಕಡ 32ರಷ್ಟು ಕಡಿಮೆ. ಆದರೆ ಅದೇ ವರ್ಷ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಆರು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೊಂದು ಬೇರೆಯದೇ ಮಾತು ಹೇಳಿತು. ಆನುವಂಶಿಕ ಸಂಭವ ಕಡಿಮೆ ಮತ್ತು ಮಧ್ಯಮವಾಗಿದ್ದವರಿಗೆ ಒಳ್ಳೆಯ ಜೀವನಕ್ರಮ ರಕ್ಷಣೆ ನೀಡಿತು. ಅತಿ ಹೆಚ್ಚು ಸಂಭವವುಳ್ಳವರಲ್ಲಿ ಆ ರಕ್ಷಣೆ ಕಾಣಲಿಲ್ಲ. ಈ ಭಿನ್ನಾಭಿಪ್ರಾಯವನ್ನು ಓದುಗರಿಂದ ಮರೆಮಾಚುವುದು ಸರಿಯಲ್ಲ. ಜೀವನಕ್ರಮದಿಂದ ಮರೆವನ್ನು ಖಂಡಿತವಾಗಿ ತಡೆಯಬಹುದೆಂದು ಭರವಸೆ ಕೊಡುವವರನ್ನು ನಂಬಬೇಡಿ. ಸಂಭವವನ್ನು ತಗ್ಗಿಸಬಹುದು, ಮುಂದೂಡಬಹುದು ಎಂಬಷ್ಟೇ ಸತ್ಯ. ಒಂದು ವೇಳೆ ಮರೆವು ಬಂದೇ ಬಂದರೂ ಹೃದಯಾಘಾತ, ಪಾರ್ಶ್ವವಾಯುಗಳಿಂದ ಪಾರಾದ ಲಾಭವಂತೂ ಇದ್ದೇ ಇದೆ.

ನಾವು ಮಾಡಬೇಕಾದುದೇನು?

ಬದಲಿಸಬಹುದಾದ 14 ಕಾರಣಗಳನ್ನು ಪೂರ್ತಿಯಾಗಿ ನೀಗಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2024ರಲ್ಲಿ ಅಂದಾಜು ಮಾಡಿದೆ. ಅವುಗಳಲ್ಲಿ ಮುಖ್ಯವಾದವನ್ನು ನಮ್ಮ ಜೀವನಕ್ಕೆ ಹೊಂದಿಸಿ ಹೇಳುತ್ತೇನೆ.

1. ರಕ್ತದೊತ್ತಡ: ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಅಳೆಸಬೇಕು. ತಲೆನೋವಿಲ್ಲ, ತಲೆಸುತ್ತಿಲ್ಲ ಎಂಬುದು ಒತ್ತಡವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಹಲವರು ಒತ್ತಡ ಇಳಿಯಿತೆಂದು ಮಾತ್ರೆ ಬಿಡುತ್ತಾರೆ. ಮಾತ್ರೆಯಿಂದಲೇ ಅದು ಇಳಿದಿರುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

2. ಸಕ್ಕರೆ ಮತ್ತು ಕೊಲೆಸ್ಟೆರಾಲ್: ಇವೆರಡನ್ನೂ ಮಧ್ಯವಯಸ್ಸಿನಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಲ್ಯಾನ್ಸೆಟ್ ಆಯೋಗದ ಲೆಕ್ಕದಲ್ಲಿ ಅತಿ ದೊಡ್ಡ ಪಾಲು ಕೆಟ್ಟ ಕೊಲೆಸ್ಟೆರಾಲಿಗೂ ಕಿವುಡುತನಕ್ಕೂ ಸೇರಿದೆ. ತಲಾ ಶೇಕಡ 7. ತೆಳ್ಳಗಿರುವವರಿಗೆ ಕೊಲೆಸ್ಟೆರಾಲ್ ಇರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ; ವಂಶದಿಂದ ಬಂದುದು ಸಣಕಲು ಮೈಯಲ್ಲಿಯೂ ಇರಬಹುದು.

3. ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಎಲ್ಲ ಅಡುಗೆಯೂ ಸೇರಿ ಒಬ್ಬರಿಗೆ ಒಂದು ಚಹಾ ಚಮಚಕ್ಕೆ ಮೀರಬಾರದು. ಊರಿನಿಂದ ಬರುವಾಗ ನಾವು ಮರೆಯದೆ ತರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಬಾಳಕದ ಮೆಣಸಿನಕಾಯಿ ಎಲ್ಲವೂ ಉಪ್ಪಿನ ಗಣಿಗಳೇ. ಊರಿನ ನೆನಪಿಗೆ ವಾರಕ್ಕೊಮ್ಮೆ ಸಾಕು. ಪ್ರತಿ ಊಟಕ್ಕೂ ಬೇಡ.

4. ಆಹಾರ: ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಸೊಪ್ಪು, ತರಕಾರಿ, ಬೇಳೆಕಾಳು, ಹಣ್ಣು, ಇಡಿಯ ಧಾನ್ಯ, ಮೀನು ಇವು ಹೆಚ್ಚಾಗಿ, ಕರಿದದ್ದು ಸಿಹಿಯಾದದ್ದು ಕಡಿಮೆಯಾಗಿ ಇರುವ ಆಹಾರ ಹೃದಯಕ್ಕೂ ಮೆದುಳಿಗೂ ಹಿತ. ಇದಕ್ಕಾಗಿ ವಿದೇಶಿ ಪದಾರ್ಥಗಳನ್ನು ಹುಡುಕಬೇಕಿಲ್ಲ. ಬಸಳೆ, ಹರಿವೆ, ಪುಂಡಿ ಪಲ್ಯ, ಮೊಳಕೆಕಾಳಿನ ಬಸ್ಸಾರು, ಜೋಳದ ರೊಟ್ಟಿ, ರಾಗಿ ಮುದ್ದೆ, ಎಣ್ಣೆ ಕಡಿಮೆ ಹಾಕಿದ ಬಂಗುಡೆಯ ಸಾರು ನಮ್ಮಲ್ಲಿಯೇ ಇವೆ. ಸಂಜೆಯ ಹಸಿವಿಗೆ ಸ್ಟೇಷನ್ನಿನ ಹೊರಗಿನ ವಡಾಪಾವ್ ನಿತ್ಯದ ಅಭ್ಯಾಸವಾದರೆ ಮಾತ್ರ ಅಪಾಯ. ಬೆಳಗಿನ ಡಬ್ಬಿಯ ಜೊತೆ ಒಂದು ಮುಷ್ಟಿ ಹುರಿಗಡಲೆಯೋ ಒಂದು ಹಣ್ಣೋ ಇದ್ದರೆ ಆ ವೇಳೆಯನ್ನು ಕಳೆಯಬಹುದು.

5. ನಡಿಗೆ: ವಾರಕ್ಕೆ 150 ನಿಮಿಷ, ಎಂದರೆ ಐದು ದಿನ ಅರ್ಧ ಗಂಟೆಯಂತೆ, ಬಿರುಸಾಗಿ ನಡೆಯಬೇಕು. ಮಾತನಾಡಲು ಆಗುವ, ಆದರೆ ಹಾಡಲು ಆಗದಷ್ಟು ಬಿರುಸು. ಸಮಯವಿಲ್ಲವೆನ್ನುವವರು ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಹಿಡಿಯುವುದನ್ನು ಬಿಟ್ಟರೆ ಅರ್ಧ ಲೆಕ್ಕ ಮುಗಿಯುತ್ತದೆ. ಮನೆಗೆಲಸದಲ್ಲಿಯೇ ವ್ಯಾಯಾಮವಾಗುತ್ತದೆಂದು ಗೃಹಿಣಿಯರು ಹೇಳುವುದುಂಟು. ಅದು ದಣಿವನ್ನು ತರುತ್ತದೆಯೇ ವಿನಾ ಬಿರುಸು ನಡಿಗೆಗೆ ಸಮನಲ್ಲ.

6. ತಂಬಾಕು, ಮದ್ಯ: ಬೀಡಿ, ಸಿಗರೇಟು ಮಾತ್ರವಲ್ಲದೆ ಎಲೆಯಡಿಕೆಯ ಜೊತೆಯ ಹೊಗೆಸೊಪ್ಪು, ಗುಟ್ಕಾ ಇವೂ ತ್ಯಾಜ್ಯ. ಮದ್ಯ ಹೃದಯಕ್ಕೆ ಒಳ್ಳೆಯದೆಂಬ ಹಳೆಯ ಮಾತನ್ನು ನಂಬಿ ಹೊಸದಾಗಿ ಆರಂಭಿಸುವುದು ಅವಿವೇಕ.

7. ನಿದ್ರೆ: ಐವತ್ತು ಅರವತ್ತರ ವಯಸ್ಸಿನಲ್ಲಿ ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರಿಸುವವರಿಗೆ ರೋಗದ ಸಂಭವ ಹೆಚ್ಚೆಂದು ವೈಟ್‌ಹಾಲ್ ಅಧ್ಯಯನ 2021ರಲ್ಲಿ ತಿಳಿಸಿದೆ. ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ ದೂರದ ಉಪನಗರದಿಂದ ಲೋಕಲ್ ಹಿಡಿಯುವವರಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟವೆಂದು ಬಲ್ಲೆ. ಆದರೂ ರಾತ್ರಿ ಹತ್ತರ ಮೇಲೆ ಟೆಲಿವಿಷನ್ ಮತ್ತು ಮೊಬೈಲಿಗೆ ಕೊಡುವ ಗಂಟೆಯನ್ನು ನಿದ್ರೆಗೆ ಕೊಡಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರುಗಟ್ಟುವವರು ವೈದ್ಯರಿಗೆ ತೋರಿಸಬೇಕು.

8. ಕಿವಿ, ಕಣ್ಣು ಮತ್ತು ಸಂಗ: ಕಿವಿ ಮಂದವಾದವರು ಮಾತುಕತೆಯಿಂದ ದೂರ ಸರಿಯುತ್ತಾರೆ, ಮೆದುಳಿಗೆ ಕೆಲಸ ತಪ್ಪುತ್ತದೆ. ಶ್ರವಣಯಂತ್ರ ಹಾಕಿಕೊಳ್ಳಲು ನಾಚಿಕೆ ಬೇಡ. ಕನ್ನಡಕಕ್ಕೆ ಇಲ್ಲದ ನಾಚಿಕೆ ಇದಕ್ಕೇಕೆ? ಕಣ್ಣಿನ ಪೊರೆಯನ್ನು ಕಾಲಕ್ಕೆ ಸರಿಯಾಗಿ ತೆಗೆಸಬೇಕು. ಒಂಟಿತನವೂ ರೋಗದ ಕಾರಣಗಳಲ್ಲಿ ಒಂದು. ನಿವೃತ್ತರಾದ ಮೇಲೆ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಹತ್ತಿರ ಕುಳಿತುಬಿಡುವ ಹಿರಿಯರಿಗೆ ಸಂಘದ ಭಜನೆ, ಯಕ್ಷಗಾನದ ಕೂಟ, ವಾಚನಾಲಯ ಇವು ಬರಿಯ ಕಾಲಹರಣವಲ್ಲ.

ಹೊರನಾಡಿನ ಕನ್ನಡಿಗರಿಗೆ ಸಂತೋಷ ಕೊಡುವ ಸಂಗತಿಯೊಂದನ್ನು ಇಲ್ಲಿ ಸೇರಿಸಬೇಕು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಕಾಣಿಸಿಕೊಂಡದ್ದು ಒಂದೇ ಭಾಷೆ ಬಲ್ಲವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಎಂದು 2013ರಲ್ಲಿ ಪ್ರಕಟಿಸಿದರು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಇದು ಪ್ರಯೋಗವಲ್ಲ, ಗಮನಿಸಿ ಕಂಡುದು. ಆದುದರಿಂದ ಹೆಚ್ಚು ಅರ್ಥ ಹಚ್ಚಬಾರದು. ಆದರೂ ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ, ಇಂಗ್ಲಿಷ್ ಆಡುವ ನಾವು ಮಕ್ಕಳಿಗೆ ತಾಯ್ನುಡಿಯನ್ನು ಕಲಿಸಲು ಇದೂ ಒಂದು ಕಾರಣವಾಗಲಿ.

ಜೀನ್ ಪರೀಕ್ಷೆ ಮಾಡಿಸಬೇಕೆ?

ರೋಗಲಕ್ಷಣವಿಲ್ಲದವರು ಕೇವಲ ಕುತೂಹಲಕ್ಕೆ ಅಪೊ-ಇ ಪರೀಕ್ಷೆ ಮಾಡಿಸಬೇಕಾಗಿಲ್ಲವೆಂಬುದೇ ತಜ್ಞರ ಸಾಮಾನ್ಯ ಅಭಿಪ್ರಾಯ. ಇ-4 ಇದೆಯೆಂದು ತಿಳಿದರೆ ರೋಗ ಬಂದೇ ಬರುತ್ತದೆಂಬ ಭಯ; ಇಲ್ಲವೆಂದು ತಿಳಿದರೆ ಬರುವುದೇ ಇಲ್ಲವೆಂಬ ಸುಳ್ಳು ಧೈರ್ಯ. ಎರಡೂ ಸರಿಯಲ್ಲ. ಉತ್ತರ ಏನೇ ಬಂದರೂ ವೈದ್ಯರು ಕೊಡುವ ಸಲಹೆ ಮೇಲೆ ಹೇಳಿದ್ದೇ. ಮಾಡಿಸಲೇಬೇಕೆನ್ನುವವರು ಮೊದಲು ತಜ್ಞರೊಡನೆ ಸಮಾಲೋಚಿಸಬೇಕು. ಫಲಿತಾಂಶ ತಮ್ಮೊಬ್ಬರದಲ್ಲ, ಒಡಹುಟ್ಟಿದವರದೂ ಮಕ್ಕಳದೂ ಆಗಿರುತ್ತದೆಂಬುದನ್ನು ಅರಿತಿರಬೇಕು. ಆಲ್ಜೈಮರ್ ಕಾಯಿಲೆಯ ಕೆಲವು ಹೊಸ ಚುಚ್ಚುಮದ್ದುಗಳನ್ನು ಕೊಡುವ ಮೊದಲು ಈ ಪರೀಕ್ಷೆ ಅಗತ್ಯವಾಗುತ್ತದೆ. ಏಕೆಂದರೆ ಎರಡು ಇ-4 ಇದ್ದವರಲ್ಲಿ ಅವುಗಳಿಂದ ಮೆದುಳಿನ ಊತ, ರಕ್ತಸ್ರಾವಗಳ ಅಪಾಯ ಹೆಚ್ಚು. ಅದು ರೋಗ ತೊಡಗಿದವರ ಮಾತು.

ಮರೆವು ಕಾಣಿಸಿಕೊಂಡರೆ

ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿದ್ದರೆ ವಯಸ್ಸಿನದೆಂದು ಬಿಡದೆ ವೈದ್ಯರಿಗೆ ತೋರಿಸಿರಿ. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳ ದುಷ್ಪರಿಣಾಮ ಇವೂ ಮರೆವನ್ನು ತರಬಲ್ಲವು, ಇವಕ್ಕೆ ಚಿಕಿತ್ಸೆಯುಂಟು. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆ ಸಾಮಾನ್ಯ. ರೋಗ ಡಿಮೆನ್ಷಿಯಾವೇ ಎಂದು ನಿಶ್ಚಯವಾದರೆ, ಆರೈಕೆ ಮಾಡುವವರಿಗೆ ಮಾರ್ಗದರ್ಶನ ನೀಡಲು 1992ರಲ್ಲಿ ಕೇರಳದಲ್ಲಿ ಸ್ಥಾಪನೆಯಾದ ‘ಆಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ’ದ ಶಾಖೆಗಳು ಅನೇಕ ನಗರಗಳಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಜ್ಞರ ಚಿಕಿತ್ಸೆ ದೊರೆಯುತ್ತದೆ.

ಕೊನೆಯ ಮಾತು

ಈ ವರ್ಷದ ಶಿಬಿರಕ್ಕೂ ಆ ಮಹಿಳೆ ಬಂದಿದ್ದರು. ದಿನಕ್ಕೊಂದು ಮಾತ್ರೆ, ಸಂಜೆಯ ನಡಿಗೆ, ಅರ್ಧಕ್ಕಿಳಿದ ಉಪ್ಪು. ರಕ್ತದೊತ್ತಡ 126/80. ಜೀನ್ ಪರೀಕ್ಷೆಯನ್ನು ಮಾಡಿಸಿರಲಿಲ್ಲ. ಊರಿನಿಂದ ಬಂದಿದ್ದ ತಮ್ಮನನ್ನೂ ಸಂಗಡ ಕರೆತಂದಿದ್ದರು. “ಅಮ್ಮ ಇಬ್ಬರಿಗೂ ಅಮ್ಮನೇ ಅಲ್ಲವೆ ಡಾಕ್ಟ್ರೇ, ಇವನದನ್ನೂ ನೋಡಿ” ಎಂದರು. ನೋಡಿದೆ, ತಮ್ಮನದು 150/94. ಅವರಿಗೂ ಅದು ಅಂದಿನವರೆಗೆ ಗೊತ್ತಿರಲಿಲ್ಲ.

ಆ ಅಕ್ಕತಮ್ಮಂದಿರಿಗೆ ಮುಂದೆ ಮರೆವು ಬರುವುದಿಲ್ಲವೆಂದು ನಾನು ಮಾತು ಕೊಡಲಾರೆ. ಯಾವ ವೈದ್ಯನೂ ಕೊಡಲಾರ. ಆದರೆ ತಾಯಿಯಿಂದ ಏನನ್ನು ಪಡೆದೆವೆಂಬ ಚಿಂತೆಯನ್ನು ಬದಿಗಿಟ್ಟು, ತಮ್ಮ ಕೈಯಲ್ಲಿರುವುದನ್ನು ಅವರು ಮಾಡುತ್ತಿದ್ದಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಇದು ಲೇಸು. ವಾಚಕರಲ್ಲಿ ತಂದೆತಾಯಿಯರ ಮರೆವನ್ನು ಕಣ್ಣಾರೆ ಕಂಡು ಒಳಗೇ ಅಂಜುತ್ತಿರುವವರು ಇದ್ದರೆ, ಈ ಸಂಚಿಕೆಯನ್ನು ಓದಿ ಕೆಳಗಿಟ್ಟ ವಾರದೊಳಗೆ ತಮ್ಮ ರಕ್ತದೊತ್ತಡವನ್ನು ಒಮ್ಮೆ ಅಳೆಸಿಕೊಳ್ಳಲಿ. ಊರಿನಲ್ಲಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಫೋನು ಮಾಡಿ ಹಾಗೆಯೇ ಮಾಡುವಂತೆ ಹೇಳಲಿ.